ಕಲ್ಲು ಕಚ್ಚಿದ ಮೀನು

"ಒಂಟಿ ನೋಡೀಯೇನು?"

"ಇಲ್ರಿ."

"ಬಿಳಿ ಕರಡಿ?"

"ಕರೀ ಕರಡೀನಽ ನೋಡಿಲ್ರಿ ಮಾಸ್ತರ, ಬಿಳೀದು ಎಲ್ಲಿಂದ ನೋಡ್ಲಿ?"

ಗುರುಲಿಂಗಪ್ಪ ಮಾಸ್ತರ ಪುಸ್ತಕ ಮುಚ್ಚಿ ಹಲಗೆಯ ಮೇಲೆ ಕುಕ್ಕಿದ. ಜೋಳ ಹಸನು ಮಾಡುತ್ತಿದ್ದ ಅವನ ಹೆಂಡತಿ ಗೌರವ್ವ ಮೊರ ಎತ್ತಿ ಹಿಡಿದವಳು, ಇನ್ನು ಗುಡುಗು ಶುರುವಾಯಿತು ಎಂದು ಮೊರ ಕೆಳಗಿಟ್ಟಳು.

"ಕಂಡರಿಯದ ಪ್ರಾಣಿ ಬಗ್ಗೆ ಸಾಹೇಬರ ಮುಂದ ನಿಂತು ಒದರಿದ್ರ ಅದಕ್ಕ ಪಾಠ ಅಂತಾರೇನು? ಗಿಳಿ ಅಂತಾರ! ನಿನ್ನ ಗಿಳಿ ಮಾಡಾಕ ನಾ ಎರಡು ವರ್ಷ ಗಂಟಲ ಹರಕೊಂಡಿಲ್ಲ."

"ಪುಸ್ತಕದಾಗ ಅದಽ ಐತಲ್ರಿ."

"ಪುಸ್ತಕಕ್ಕ ಬೆಂಕಿ ಹಚ್ಚು!"

ಸಾವಿತ್ರವ್ವ ತಲೆ ತಗ್ಗಿಸಿ ನಕ್ಕಳು. ಮಾಸ್ತರನ ಬಾಯಿಗೆ ಮಸಗುಪ್ಪಿಯ ಹುಡುಗರೆಲ್ಲ ಅಂಜುತ್ತಿದ್ದರು, ಹುಡುಗರ ಅಪ್ಪಂದಿರೂ ಅಂಜುತ್ತಿದ್ದರು. ಸಾಲೆಯಲ್ಲಿ ಬೈದರೆ ಹೊಳೆದಂಡೆಯಲ್ಲಿ ಅರಿವೆ ಒಗೆಯುವವರು ತಿರುಗಿ ನೋಡುತ್ತಿದ್ದರು. ಇವಳೊಬ್ಬಳು ಮಾತ್ರ ಅಂಜುವುದನ್ನು ಎಂದೋ ಬಿಟ್ಟಿದ್ದಳು. ಬೈದು ಮುಗಿಸಿದ ಮೇಲೆ ಮನುಷ್ಯ ಚಲೋ ಕಲಿಸುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು.

ಅವಳು ಕುರುಬರ ಸತ್ತೆಪ್ಪನ ಮಗಳು. ಮದುವೆಗೆ ಮುಂಚೆ ಇದೇ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದಿದ್ದಳು. ಕೊಟ್ಟ ಮನೆಗೆ ಹೋಗಿ ಎರಡು ಮಳೆಗಾಲ ಕಳೆಯುವುದರೊಳಗೆ, ಗಂಡ ಕುರಿಗಳನ್ನು ಆಚೆ ದಂಡೆಗೆ ದಾಟಿಸಲು ಹೋಗಿ ಹೊಳೆಯ ಪಾಲಾದ. ಕುರಿಗಳು ಈಸಿ ದಡ ಸೇರಿದವು. ಅವನು ಸೇರಲಿಲ್ಲ. ತವರಿಗೆ ಬಂದು ಹಟ್ಟಿಯ ಮೂಲೆಯಲ್ಲಿ ಉಣ್ಣೆ ನೂಲುತ್ತ ಕೂತವಳನ್ನು ಗುರುಲಿಂಗಪ್ಪನೇ ಎಬ್ಬಿಸಿ ಕರೆತಂದಿದ್ದ. ಕಳೆದ ವರ್ಷ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದಳು. ಆ ಸೀಮೆಯ ಹಟ್ಟಿಗಳಲ್ಲಿ ಆ ಪರೀಕ್ಷೆ ಪಾಸಾದ ಹೆಂಗಸನ್ನು ಯಾರೂ ಕಂಡಿರಲಿಲ್ಲ. ಇನ್ನು ಉಳಿದದ್ದು ಒಂದೇ ಮೆಟ್ಟಿಲು. ಛಟ್ಟಿ ಅಮಾವಾಸ್ಯೆ ಕಳೆದ ಮೇಲೆ ಗೋಕಾಕದಲ್ಲಿ ಸಾಲೆ ತಪಾಸಣೆಯ ಸಾಹೇಬರ ಮುಂದೆ ಒಂದು ಮಾದರಿ ಪಾಠ ಹೇಳಬೇಕು. ಅವರು ಒಪ್ಪಿದರೆ ಧಾರವಾಡದಲ್ಲಿ ಶಿಕ್ಷಕಿಯ ತರಬೇತಿ. ಅದು ಮುಗಿದರೆ ಸರಕಾರದ ಸಾಲೆ, ಸ್ವಂತ ಪಗಾರ, ಸ್ವಂತ ಬಾಗಿಲು. ಪಾಠದ ವಿಷಯ ಮೊದಲೇ ತಿಳಿಸಿದ್ದರು: ಪ್ರಾಣಿಗಳು ತಾವಿರುವ ಜಾಗಕ್ಕೆ ಹೊಂದಿಕೊಂಡು ಬದುಕುವ ಬಗೆ.

"ದಸರಾ ಸೂಟಿಯಾಗ ಕೊಣ್ಣೂರಿಗೆ ಹೋಗೂಣು," ಎಂದ ಮಾಸ್ತರ. "ನಮ್ಮ ಷಡ್ಡಕನ ಮನಿ ಐತಿ. ಇಕಿನೂ ಬರ್ತಾಳ. ನೀರು ಬೀಳೂ ಧಬಧಬಿ ಹತ್ರ ನಿಂತು ಪಾಠ ಹೇಳ್ತೇನಿ. ಒಂಟಿ ಬ್ಯಾಡ, ಕರಡಿ ಬ್ಯಾಡ."

"ನಾ ಯಾವಾಗ ಬರ್ತೇನಿ ಅಂದೆ?" ಎಂದಳು ಗೌರವ್ವ.

"ನಿಮ್ಮ ಅಕ್ಕನ ಮನಿ ಅದು!"

"ಅಕ್ಕನ ಮನಿ ಅಂತ ಈಗ ನೆನಪಾತು. ಹೋದ ವರ್ಷ ತೊಟ್ಟಲಕ್ಕ ಕರದಾಗ ಏನಾಗಿತ್ತು?" ಎಂದು ಗೊಣಗಿದರೂ ಆಕೆ ಆಗಲೇ ಮನಸ್ಸಿನಲ್ಲಿ ರೊಟ್ಟಿ ಬುತ್ತಿ ಕಟ್ಟತೊಡಗಿದ್ದಳು. ಪ್ರಾಯದ ವಿಧವೆಯನ್ನು ಗಂಡ ಒಬ್ಬನೇ ಚಕ್ಕಡಿಯಲ್ಲಿ ಕರೆದೊಯ್ದರೆ ಊರು ಏನು ಆಡಿಕೊಳ್ಳುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಗಂಡನಿಗೆ ಗೊತ್ತಿರಲಿಲ್ಲ.

*

ಮಳೆ ಹಿಂದೆ ಸರಿದಿತ್ತು. ಧಬಧಬಿಯ ನೀರು ಆಷಾಢದ ರಾಡಿ ಕಳೆದುಕೊಂಡು ಮೂರು ನಾಲ್ಕು ಕವಲಾಗಿ ಬೀಳುತ್ತಿತ್ತು. ನಡುನಡುವೆ ಬಂಡೆ ಕಾಣುತ್ತಿತ್ತು. ಗುರುಲಿಂಗಪ್ಪ ಹುಟ್ಟಿದ್ದು ಕೊಣ್ಣೂರಿನಲ್ಲಿ. ಹುಡುಗನಾಗಿದ್ದಾಗ ಈ ಬಂಡೆಗಳ ಮೇಲೆ ಓಡಾಡಿ ಅಪ್ಪನ ಕೈಯಲ್ಲಿ ಒದೆ ತಿಂದವನು. ಧೋತರ ಎತ್ತಿ ಕಟ್ಟಿ, ಕೊಡೆಯನ್ನು ಕೋಲಿನಂತೆ ಹಿಡಿದು, ಮೇಲಿನ ಹಾಸುಬಂಡೆಯ ಒಂದು ಕುಣಿಯ ಮುಂದೆ ನಿಂತ. ಕುಣಿಯಲ್ಲಿ ಮೊಣಕಾಲುದ್ದ ನೀರು.

"ಇದು ಯಾವಾಗ ಬತ್ತತೈತಿ?"

"ಸಂಕ್ರಮಣದ ಹೊತ್ತಿಗೆ ಬತ್ತಬೇಕ್ರಿ."

"ಆ ಮ್ಯಾಲ ಇದರಾಗಿನ ಕಪ್ಪಿ ಎಲ್ಲಿ ಹೋಗ್ತಾವ?"

"ಸಾಯ್ತಾವ."

"ಸತ್ರ ಮುಂದಿನ ಮಳಿಗಿ ಒದರೋವು ಯಾವು? ಹಿಂದಿನ ಕಾಲಿನಿಂದ ಕೆಸರು ತೋಡಿ ಕೆಳಗ ಇಳಿತಾವ. ಮೈಮ್ಯಾಲ ಮಣ್ಣು, ಹೊಟ್ಟ್ಯಾಗ ಕೂಳಿಲ್ಲ, ಉಸರು ಇದ್ದೂ ಇಲ್ಲದಂಗ. ಬ್ಯಾಸಗಿ ಪೂರ್ತಿ ಹಂಗ ಕುಂದ್ರತಾವ. ಮೊದಲ ಗುಡುಗಿಗೆ ಎದ್ದು ಬರ್ತಾವ. ನೀರಿನ ಪ್ರಾಣಿ ನೀರಿಲ್ಲದ ಜಾಗದಾಗ ಬದುಕಿದ್ದು ಹಿಂಗ. ಒಂದಾತು."

ಎರಡನೆಯದಕ್ಕೆ ಕೊಡೆಯ ತುದಿಯನ್ನು ಪ್ರಪಾತದ ಕಡೆ ಚಾಚಿದ. ಕುಡುಗೋಲಿನಂಥ ರೆಕ್ಕೆಯ ಸಣ್ಣ ಕರಿಹಕ್ಕಿಗಳು ಬೀಳುವ ನೀರಿನ ಮಗ್ಗುಲಲ್ಲೇ ಸುಯ್ಯೆಂದು ಹಾಯ್ದು ಗೋಡೆಯಂಥ ಬಂಡೆಯ ಬಿರುಕಿನಲ್ಲಿ ಮಾಯವಾಗುತ್ತಿದ್ದವು. ಅವುಗಳ ಕಾಲಿಗೆ ನೆಲದ ಮೇಲೆ ನಡೆಯಲು ಬಾರದು, ಗೋಡೆಗೆ ಜೋತುಬೀಳಲು ಮಾತ್ರ ಬರುತ್ತದೆ ಎಂದ. ಉಗುಳಿನಿಂದ ಗರಿ ಅಂಟಿಸಿ ಗೂಡು ಕಟ್ಟುತ್ತವೆ, ಹಾವು ಬೆಕ್ಕು ಅಲ್ಲಿಗೆ ಬರಲಾರವು ಎಂದ. ಸಾವಿತ್ರವ್ವ ಸೆರಗು ಬಿಗಿಹಿಡಿದು ಅಂಚಿನವರೆಗೆ ಹೋಗಿ ಬಗ್ಗಿ ನೋಡಿದಳು. ಗೌರವ್ವ ಕೂಗಿಕೊಂಡಳು.

ಮೂರನೆಯದು ಮೀನು. ಧಬಧಬಿಗಿಂತ ಮೇಲೆ, ನೀರು ಬಂಡೆಯ ಇಳಿಜಾರಿನಲ್ಲಿ ರಭಸದಿಂದ ಜಾರುವ ಕಡೆ, ಗುರುಲಿಂಗಪ್ಪ ಬಗ್ಗಿ ಒಂದು ಕಲ್ಲನ್ನು ಮೆಲ್ಲಗೆ ಎತ್ತಿದ. ಕಲ್ಲಿನ ಜತೆಗೇ ಬೆರಳುದ್ದದ ಮೀನೊಂದು ಎದ್ದು ಬಂತು. ಬಾಲ ಬಡಿಯುತ್ತಿತ್ತೇ ಹೊರತು ಕಲ್ಲು ಬಿಡಲೊಲ್ಲದು.

"ಮುಟ್ಟಬ್ಯಾಡ್ರೀ, ಕೊರಳಾಗ ಲಿಂಗ ಐತಿ," ಎಂದಳು ಗೌರವ್ವ.

"ತಿನ್ನಾಕತ್ತಿಲ್ಲ, ಪಾಠ ಹೇಳಾಕತ್ತೇನಿ! ನೋಡಿಲ್ಲೆ. ಕೆಳದುಟಿ ಹಿಂದ ಬಟ್ಟಲ ಇದ್ದಂಗ ಐತಿ, ಕಾಣತೈತೇನು? ಅದನ್ನ ಕಲ್ಲಿಗೆ ಒತ್ತಿ ಹಿಡಿತೈತಿ. ಹೊಟ್ಟಿ ಚಪ್ಪಟಿ. ಎದಿ ಮಗ್ಗಲಿನ ಈಜುರೆಕ್ಕಿ ಅಂಗೈ ಚಾಚಿದಂಗ. ಎಂಥಾ ಸೆಳವಿನಾಗೂ ಇದು ಅಲ್ಲಾಡಾಂಗಿಲ್ಲ."

ಸಾವಿತ್ರವ್ವ ಕಲ್ಲನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ನೀರಿಗೆ ಇಳಿಸಿ, "ಒಂದು ಕೇಳ್ಲೇನ್ರಿ?" ಎಂದಳು. "ಹೊಂದಿಕೊಂತು ಹೊಂದಿಕೊಂತು ಅಂತೀರಿ. ಯಾವ ಮೀನು ಹೊಂದಿಕೊಂತು? ಇದಾ, ಇದರ ಅಜ್ಜನಾ? ನೀರು ಜೋರೈತಿ, ನಾ ಒಂದು ಬಟ್ಟಲ ಮಾಡಿಕೋಬೇಕು ಅಂತ ಕುಂತು ವಿಚಾರ ಮಾಡಿತೇನ್ರಿ?"

ಗುರುಲಿಂಗಪ್ಪನಿಗೆ ಹಿಗ್ಗೋ ಹಿಗ್ಗು. ಇಂಥ ಪ್ರಶ್ನೆಯನ್ನು ಇಪ್ಪತ್ತು ವರ್ಷಗಳ ನೌಕರಿಯಲ್ಲಿ ಯಾರೂ ಅವನಿಗೆ ಕೇಳಿರಲಿಲ್ಲ. ಧಾರವಾಡದ ಶಿಕ್ಷಕರ ಮೇಳದಲ್ಲಿ ಒಬ್ಬ ಪ್ರೊಫೆಸರರು ಹೇಳಿದ್ದನ್ನು ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡಿದ್ದ. ಅದೆಲ್ಲ ಈಗ ಬಾಯಿಗೆ ಬಂತು.

"ಯಾವ ಪ್ರಾಣಿನೂ ತಾನಾಗಿ ಬದಲಾಗೂದಿಲ್ಲ ಹುಚ್ಚಿ! ಮೊದಲ ಈ ನೀರಿಗೆ ಬಂದ ಮೀನಿಗೆ ಬಟ್ಟಲ ಎಲ್ಲಿತ್ತು? ಸಾವಿರ ಬಂದ್ವು, ಸಾವಿರ ಹರಕೊಂಡು ಹೋಗಿ ಆ ಧಬಧಬಿ ಕೆಳಗ ಬಿದ್ದು ಸತ್ವು. ಯಾವುದೋ ಒಂದರ ತುಟಿ ಎಳ್ಳಷ್ಟು ಅಗಲ ಇತ್ತು. ಅದು ಒಂದು ಗಳಿಗಿ ಜಾಸ್ತಿ ಹಿಡಕೊಂತು, ತತ್ತಿ ಇಟ್ಟಿತು. ಅದರ ಮರಿಗಳೊಳಗ ಮತ್ತ ಹಂಗಽ. ಲಕ್ಷಾಂತರ ತಲಿ ಹೋದ ಮ್ಯಾಲ ಇದು. ಹಿಡಕೊಳ್ಳಾಕ ಬರಲಾರದವೆಲ್ಲ ಹರಕೊಂಡು..."

ಗೌರವ್ವ ಅವನ ಪಕ್ಕೆಗೆ ತಿವಿದಳು. ಗುರುಲಿಂಗಪ್ಪ ಬಾಯಿ ಮುಚ್ಚಿದ. ಹರಕೊಂಡು ಹೋದವನ ಹೆಂಡತಿ ಎದುರಿಗೇ ನಿಂತಿದ್ದಳು. ಬುತ್ತಿಗೆ ಹೊಂಚುತ್ತಿದ್ದ ಕಾಗೆಯ ಮೇಲೆ ಹರಿಹಾಯ್ದು ಕೊಡೆ ಬೀಸಿದ.

ಸಾವಿತ್ರವ್ವ ಒದ್ದೆ ಕೈ ಸೆರಗಿಗೆ ಒರೆಸಿಕೊಂಡಳು. "ತಿಳೀತ್ರಿ," ಎಂದಳು. "ಪಾಠದಾಗ ಇದನ್ನೂ ಹೇಳ್ಲೇನ್ರಿ? ಸತ್ತವುಗಳದು?"

"ಹೇಳು. ಅದನ್ನ ಹೇಳದಿದ್ರ ಪಾಠ ಸುಳ್ಳಾಗತೈತಿ."

*

ದಸರಾದಿಂದ ದೀಪಾವಳಿಯವರೆಗೆ ಅವಳು ಆ ಪಾಠವನ್ನು ಅರೆದು ಅರೆದು ಹದಕ್ಕೆ ತಂದಳು. ಮೀನಿನ ಬಟ್ಟಲನ್ನು ಮಕ್ಕಳಿಗೆ ತೋರಿಸುವುದು ಹೇಗೆ ಎಂದು ಮಾಸ್ತರ ತಲೆ ಕೆರೆದುಕೊಳ್ಳುತ್ತಿದ್ದಾಗ, ಅವಳು ರೂಪಾಯಿಯಗಲದ ತೊಗಲಿನ ತುಂಡಿಗೆ ದಾರ ಪೋಣಿಸಿ ತಂದಳು. ನೀರಲ್ಲಿ ನೆನೆಸಿ, ನುಣುಪು ಕಲ್ಲಿಗೆ ಹಚ್ಚಿ, ಅಂಗಾಲಿನಿಂದ ಒತ್ತಿ ದಾರ ಎಳೆದರೆ ಕಲ್ಲು ಎದ್ದು ಬರುತ್ತಿತ್ತು. ಎರಡನೆಯ ಇಯತ್ತೆಯ ಮಕ್ಕಳ ಮುಂದೆ ಪಾಠ ಹೇಳಿಸಿ ನೋಡಿದ. ಮೂಗು ಸೋರುವ ಮಕ್ಕಳು ಮೂಗು ಒರೆಸುವುದನ್ನೂ ಮರೆತು ಕೂತವು. ಅವಳು ಒಮ್ಮೆಯೂ ದನಿ ಎತ್ತಲಿಲ್ಲ. ಬೈಯದೆ, ಬೆತ್ತ ಎತ್ತದೆ ನಲವತ್ತು ಮಕ್ಕಳನ್ನು ಹಿಡಿದಿಡಬಹುದು ಎಂಬುದನ್ನು ಗುರುಲಿಂಗಪ್ಪ ಬಾಗಿಲಲ್ಲಿ ನಿಂತು ನೋಡಿದ. ಅವನ ಕಣ್ಣು ತೇವವಾದವು. ಅದನ್ನು ಮುಚ್ಚಿಕೊಳ್ಳಲು, ದಾರಿಯಲ್ಲಿ ಹೋಗುತ್ತಿದ್ದವನೊಬ್ಬನಿಗೆ ವಿನಾಕಾರಣ ಬೈದ.

"ಸಾಹೇಬ ಎದ್ದು ನಿಂತು ಕೈ ಮುಗೀಬೇಕು ನಿನಗ," ಎಂದ ಆ ಸಂಜೆ.

"ಮುಗೀದಿದ್ರೂ ಅಡ್ಡಿ ಇಲ್ರಿ, ಪಾಸ್ ಮಾಡಿದ್ರ ಸಾಕು," ಎಂದಳು ಸಾವಿತ್ರವ್ವ. "ಮೊದಲನೇ ಪಗಾರದಾಗ ಅವ್ವಾರಿಗೆ ಒಂದು ಇಳಕಲ್ಲ ಸೀರಿ."

"ನನಗ?"

"ನಿಮಗ ಒಂದು ಡಬ್ಬಿ ಖಡಿಸಕ್ಕರಿ. ಬಾಯಿ ಸಿಹಿ ಆಗ್ಲಿ."

ಗೌರವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

*

ದೀಪಾವಳಿ ಕಳೆದು ಹುಣ್ಣಿವೆ ಮುಗಿದ ಮೇಲೆ ಬೆಲ್ಲದ ಬಾಗೇವಾಡಿಯಿಂದ ಲಕ್ಕಪ್ಪ ಬಂದ. ಕುರುಬರ ಹಟ್ಟಿಗಳಲ್ಲಿ ಹಿರಿತನ ಮಾಡುವವನು, ನುಣ್ಣನೆಯ ಮಾತಿನವನು. ಅದೇ ಊರಿನ ಮಾಲಿಂಗಪ್ಪ ಎಂಬ ಕುರಿಗಾರನಿಗೆ ಸಾವಿತ್ರವ್ವನನ್ನು ಉಡಿಕಿ ಕೇಳಲು ಬಂದಿದ್ದ. ಮಾಲಿಂಗಪ್ಪನ ಹೆಂಡತಿ ಹೋದ ವರ್ಷ ತೀರಿಕೊಂಡಿದ್ದಳು, ಸಣ್ಣ ಮಕ್ಕಳಿದ್ದವು. ಉಡಿಕಿ ಎಂದರೆ ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಮತ್ತೊಬ್ಬನಿಗೆ ಕೊಡುವ ರೂಢಿ. ಹಂದರವಿಲ್ಲ, ವಾಲಗವಿಲ್ಲ. ಕತ್ತಲ ಪಕ್ಷದ ಒಂದು ಇರುಳು ನಾಲ್ಕು ಮಂದಿ ಹಿರಿಯರ ಮುಂದೆ ಮುಗಿದುಹೋಗುತ್ತದೆ.

ಸತ್ತೆಪ್ಪನಿಗೆ ಅತ್ತ ಹುಲಿ ಇತ್ತ ದರಿ. ಮಗಳು ಮಾಸ್ತರಬಾಯಿ ಆಗುತ್ತಾಳೆ ಎಂದು ಊರ ಮುಂದೆ ಎದೆ ಉಬ್ಬಿಸಿ ನಡೆಯುವುದೂ ಬೇಕಾಗಿತ್ತು, ತಾನು ಕಣ್ಣು ಮುಚ್ಚುವುದರೊಳಗೆ ಅವಳಿಗೆ ಒಂದು ನೆಲೆಯೂ ಬೇಕಾಗಿತ್ತು. ಕಡೆಗೆ, "ಆಕಿನ್ನ ಓದಿಸಿದವರು ಮಾಸ್ತರ. ಅವರು ಹೂಂ ಅಂದ್ರ ಹೂಂ, ಒಲ್ಲೆ ಅಂದ್ರ ಒಲ್ಲೆ," ಎಂದುಬಿಟ್ಟ. ಮಾಸ್ತರನಿಗೆ ಕರೆ ಹೋಯಿತು.

ಗುರುಲಿಂಗಪ್ಪ ಹಟ್ಟಿಗೆ ಬಂದಾಗ ಲಕ್ಕಪ್ಪ ಎದ್ದು ಕಂಬಳಿ ಹಾಸಿದ.

"ಬರ್ರಿ ಮಾಸ್ತರ. ನಿಮ್ಮ ಹೆಸರು ನಮ್ಮ ಹುಕ್ಕೇರಿ ಸೀಮಿತನಕ ಬಂದೈತಿ. ಪೇಪರದಾಗ ಬರದಿದ್ರಂತ, ವಿಧವಾ ಹೆಣ್ಣಮಕ್ಕಳಿಗೆ ಮತ್ತ ಮದುವಿ ಮಾಡಬೇಕು ಅಂತ. ನಾ ಓದಿಸಿ ಕೇಳೇನಿ. ಎಂಥಾ ಮಾತ್ರಿ!"

ಬರೆದದ್ದು ಖರೆ. ಗುರುಲಿಂಗಪ್ಪನ ತಂಗಿ ಕಾಶೆವ್ವ ಹದಿನಾಲ್ಕಕ್ಕೆ ವಿಧವೆಯಾಗಿದ್ದಳು. ನಮ್ಮ ಮನೆತನದಲ್ಲಿ ಉಡಿಕಿ ಇಲ್ಲ ಎಂದು ಅಪ್ಪ ಹಟ ಹಿಡಿದ. ಕಾಶೆವ್ವ ಒಲೆಯ ಮುಂದೆಯೇ ವಯಸ್ಸಿಗೆ ಮುಂಚೆ ಮುದುಕಿಯಾಗಿ ಒಲೆಯ ಮುಂದೆಯೇ ಸತ್ತಳು. ಆ ಸಿಟ್ಟಿನಲ್ಲಿ ಅವನು ವಾರಪತ್ರಿಕೆಗೆ ಬರೆದಿದ್ದ. ಅದು ಅಚ್ಚಾಗಿ ಬಂದ ದಿನ ಊರಿಗೆಲ್ಲ ಓದಿ ತೋರಿಸಿದ್ದ.

"ಆದ್ರ ಇಲ್ಲಿ ಬಂದು ಕೇಳಿದ್ರ," ಲಕ್ಕಪ್ಪ ದನಿ ಇಳಿಸಿದ, "ಮಾಸ್ತರ ಈ ಹುಡುಗೀನ್ನ ಮಾತ್ರ ಬಿಡಾಂಗಿಲ್ಲ ಅಂತಾರ ಮಂದಿ. ಯಾಕಂತ ನಾ ಕೇಳಲಿಲ್ಲ. ಮಂದಿ ಬಾಯಿ, ಬಿಡ್ರಿ. ಕೊಣ್ಣೂರಿಗೆ ಹೋಗಿದ್ರಂತ, ಧಬಧಬಿ ನೋಡಾಕ..."

ಗುರುಲಿಂಗಪ್ಪನ ಸಿಟ್ಟು ನೆತ್ತಿಗೇರಿತು.

"ಯಾವ ಸೂಳೆಮಗ ಅಂದವ? ನನ್ನ ಹೇಣ್ತಿ ಸಂಗಾಟ ಇದ್ಲು! ನಾ ಅಡ್ಡ ಬರ್ತೇನಿ ಅಂದ್ರೇನು? ನಾನಽ ಮುಂದ ನಿಂತು ಈ ಉಡಿಕಿ ಮಾಡಸ್ತೇನಿ! ಬರದದ್ದು ಒಂದು, ಮಾಡೂದು ಒಂದು ಅನ್ನೋ ಪೈಕಿ ಅಲ್ಲ ನಾ. ಪರೀಕ್ಷಾ ಒಂದು ಮುಗೀಲಿ, ಆಮ್ಯಾಲ ಕೊಡ್ರಿ. ಏ ಸತ್ತೆಪ್ಪ, ನನ್ನದು ಹೂಂ!"

"ಹಂಗಾದ್ರ ಮುಟ್ಟರಿ," ಎಂದ ಲಕ್ಕಪ್ಪ. ಕಂಬಳಿಯ ಮರೆಯಿಂದ ಚೀಲ ಹೊರಬಂತು. ಅವರ ಕುಲದೇವರು ಬೀರಪ್ಪನ ಭಂಡಾರ. ಹಳದಿ ಪುಡಿಯ ಒಂದು ಹಿಡಿ ಮಾಸ್ತರನ ಬೊಗಸೆಗೆ ಬಿತ್ತು. ಭಂಡಾರ ಹಿಡಿದು ಆಡಿದ ಮಾತಿಗೆ ಆ ಹಟ್ಟಿಗಳಲ್ಲಿ ಹಿಂದಕ್ಕೆ ದಾರಿಯಿಲ್ಲ. ಇದು ಗುರುಲಿಂಗಪ್ಪನಿಗೆ ಗೊತ್ತಿಲ್ಲದ್ದೇನಲ್ಲ, ಆ ಊರಿನಲ್ಲಿ ಹನ್ನೆರಡು ವರ್ಷ ಇದ್ದವನು. ಆದರೆ ಹಿಂದೆ ಸರಿದರೆ ಮಂದಿ ಅಂದದ್ದು ನಿಜವಾಗುತ್ತದಲ್ಲ! ಭಂಡಾರವನ್ನು ಸತ್ತೆಪ್ಪನ ಹಣೆಗೆ ಹಚ್ಚಿ ಉಳಿದದ್ದನ್ನು ಮೇಲಕ್ಕೆ ಹಾರಿಸಿದ. ಎಲ್ಲರ ತಲೆಯ ಮೇಲೂ ಹಳದಿ ಉದುರಿತು.

ಮನೆಗೆ ಬಂದಾಗ ಗೌರವ್ವ ಅವನ ಅಂಗಿಯ ಹಳದಿ ನೋಡಿದಳು. ಕೇಳಿ ತಿಳಿದ ಮೇಲೆ ಒಂದೇ ಮಾತು ಕೇಳಿದಳು: "ಆಕಿನ್ನ ಕೇಳಿದ್ರೇನು?"

"ಏನ ಕೇಳೂದು? ಒಂದು ಬಾಳ ಕೊಡಾಕತ್ತೇನಿ ಆಕಿಗೆ! ನಮ್ಮ ಕಾಶೆವ್ವಗ ಸಿಗಲಾರದ್ದು!"

"ಕಾಶೆವ್ವಗ ಒಲಿ ಬಿಟ್ಟು ಏನೂ ಇರಲಿಲ್ಲ. ಈಕಿಗೆ ಐತಿ."

"ಎರಡೂ ಇರ್ಲಿ!"

"ಕುರಿ ಹಿಂದ ತಿರಗಾಕಿ ಯಾವ ಸಾಲ್ಯಾಗ ಕುಂದ್ರತಾಳ್ರಿ?" ಎಂದು ಗೌರವ್ವ ಒಳಗೆ ಹೋದಳು.

*

ಮರುದಿನ ಮುಂಜಾನೆ ಸಾಲೆಯ ಕಸ ಹೊಡೆಯುವ ಮೊದಲೇ ಸಾವಿತ್ರವ್ವ ಬಂದು ಹೊಸ್ತಿಲ ಹೊರಗೆ ನಿಂತಳು. ಯಾವಾಗಲೂ ಒಳಗೆ ಬಂದು ಕೂರುವವಳು.

"ಬಾ ಒಳಗ. ಮಾಲಿಂಗಪ್ಪ ಚಲೋ ಮನಿಶಾ ಅಂತ, ಕುಡಿಯಾಂಗಿಲ್ಲ, ಬಡಿಯಾಂಗಿಲ್ಲ," ಎಂದ ಗುರುಲಿಂಗಪ್ಪ, ದನಿಯಲ್ಲಿ ಇಲ್ಲದ ಹುರುಪು ತಂದುಕೊಂಡು. "ಪರೀಕ್ಷಾ ಮುಗಿದ ಮ್ಯಾಲ."

"ಪಡುವಣ ಸೀಮ್ಯಾಗ ಭತ್ತ ಕೊಯ್ದಾರಂತ. ಅಲ್ಲಿ ಗದ್ದ್ಯಾಗ ಗೊಬ್ಬರಕ್ಕಂತ ಕುರಿ ನಿಲ್ಲಸಾಕ ಅಂವ ಛಟ್ಟಿ ಅಮಾಸಿಗೆ ಹೊಂಡಬೇಕು. ಹೊಂಡೂದ್ರೊಳಗ ಉಡಿಕಿ. ಮಕ್ಕಳನ್ನ ನೋಡಾಕ ಸಂಗಾಟ ಹೆಂಗಸು ಬೇಕಲ್ರಿ."

"ನಾ ಪರೀಕ್ಷಾ ಆದ ಮ್ಯಾಲ ಅಂದೀನಿ! ನಾಲ್ಕು ಮಂದಿ ಮುಂದ ಅಂದೀನಿ!"

"ನೀವಂದ್ರಿ. ಭಂಡಾರ ಅನ್ನಲಿಲ್ಲ."

ಗುರುಲಿಂಗಪ್ಪ ಕುರ್ಚಿಯಲ್ಲಿ ಕೂತ. ತಪ್ಪಾಯಿತು ಎಂಬ ಮಾತು ಗಂಟಲವರೆಗೆ ಬಂತು. ಆ ಮಾತು ಆಡಿ ಅವನಿಗೆ ರೂಢಿಯಿರಲಿಲ್ಲ. ಅದರ ಬದಲು ಬಂದದ್ದು ಬೇರೆಯೇ.

"ಏನು ಮಾಡೂದವ್ವಾ. ಹೊಂದಿಕೋಬೇಕು. ಜೀವ ಅಂದ ಮ್ಯಾಲ ಎಲ್ಲಿ ಒಗದ್ರೂ ಹೊಂದಿಕೊಂಡು ಬದುಕತೈತಿ. ನೀನಽ ಪಾಠ ಹೇಳ್ತಿ."

ಸಾವಿತ್ರವ್ವ ಅವನ ಮುಖವನ್ನು ನೇರವಾಗಿ ನೋಡಿದಳು. ಅಷ್ಟು ದಿನ ಅವಳು ಹಾಗೆ ನೋಡಿರಲಿಲ್ಲ.

"ಆ ಪಾಠ ಹಂಗ ಇಲ್ರಿ ಮಾಸ್ತರ. ಯಾವ ಪ್ರಾಣಿನೂ ತಾನಾಗಿ ಬದಲಾಗೂದಿಲ್ಲ, ಮೊದಲ ಬಂದವು ಹರಕೊಂಡು ಹೋದ್ವು. ನೀವಽ ಹೇಳಿದ್ದು. ನಾ ಎಷ್ಟನೇದಾಕಿರಿ?"

ಗುರುಲಿಂಗಪ್ಪ ಮೇಜಿನ ಮೇಲಿನ ಪುಸ್ತಕ ಎತ್ತಿ ಮತ್ತೆ ಅಲ್ಲೇ ಇಟ್ಟ.

"ನಿಮ್ಮ ಮಾತಿನ ಮ್ಯಾಲ ಅಪ್ಪ ಹೂಂ ಅಂದಾನ," ಅವಳ ದನಿ ಈಗ ಒಡೆಯಿತು. "ನೀವಽ ಹೋಗಿ ಬಿಡಿಸಬೇಕ್ರಿ. ಉಡಿಕಿ ಬ್ಯಾಡ ಅಂತ ನಾ ಅನ್ನೂದಿಲ್ಲ. ಅಂವ ಪಡುವಣದಿಂದ ಹೊಳ್ಳಿ ಬರೂತನಕ ತಡೀರಿ ಅನ್ರಿ. ಅಷ್ಟರಾಗ ನಾ ಧಾರವಾಡಕ್ಕ ಸೇರಿಬಿಟ್ಟಿರ್ತೇನಿ. ಆ ಮ್ಯಾಲ ಏನಾಗತೈತಿ ನೋಡೂಣು. ನಾಕು ಮಾತು ಮೆತ್ತಗ ಆಡಿ ಬರ್ರಿ, ಇದೊಂದು ಸಲ. ಬೈಬ್ಯಾಡ್ರಿ."

"ಬೈಯೂದಿಲ್ಲ," ಎಂದ ಗುರುಲಿಂಗಪ್ಪ.

*

ಸತ್ತೆಪ್ಪನನ್ನು ಜತೆ ಮಾಡಿಕೊಂಡು ಬೆಲ್ಲದ ಬಾಗೇವಾಡಿಗೆ ಹೋದ. ಚಕ್ಕಡಿ ಹೊರಟಾಗಿನಿಂದ ದಾರಿಯುದ್ದಕ್ಕೂ ಮೆತ್ತನೆಯ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ. ಲಕ್ಕಪ್ಪನ ಹಟ್ಟಿಯ ಮುಂದೆ, ಬೇವಿನ ಗಿಡದ ಕೆಳಗೆ ಮಂದಿ ಕೂಡಿತು. ಮಾಲಿಂಗಪ್ಪನೂ ಬಂದ. ಎತ್ತರದ ಆಳು, ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ನಿದ್ದೆ ಹೋದ ಒಂದು ಕೂಸು. ಅವನ ಸುತ್ತ ಉಣ್ಣೆಯ, ಹಾಲಿನ ವಾಸನೆ.

ಗುರುಲಿಂಗಪ್ಪ ಮೆತ್ತಗೇ ಶುರು ಮಾಡಿದ. ಹುಡುಗಿ ಎಷ್ಟು ಕಷ್ಟಪಟ್ಟು ಓದಿದಳು ಎಂದ. ಪಾಠ ಹೇಗೆ ಹೇಳುತ್ತಾಳೆ ಎಂದ. ಒಂದು ಸುಗ್ಗಿ ಮಟ್ಟಿಗೆ ತಡೆದರೆ ಯಾರ ಗಂಟೂ ಹೋಗುವುದಿಲ್ಲ, ಭಂಡಾರಕ್ಕೂ ಅಪಚಾರವಿಲ್ಲ ಎಂದ. ಸತ್ತೆಪ್ಪ ತಲೆ ಆಡಿಸುತ್ತಿದ್ದ. ಮಾಲಿಂಗಪ್ಪ ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿ ಗಂಟಲು ಸರಿಮಾಡಿಕೊಂಡ.

"ಮಾಸ್ತರ ಅನ್ನೂದು ನನಗೂ ಒಪ್ಪತೈತಿ," ಎಂದ ಮೆಲ್ಲಗೆ. "ಈ ಸಲ ಮಕ್ಕಳನ್ನ ನಮ್ಮವ್ವ ನೋಡತಾಳ. ಓದಿದಾಕಿ ಅದಾಳ, ಆಕಿ ಮನಸಿಗೆ..."

"ಏ ಮಾಲಿಂಗ, ತಡಿ," ಎಂದ ಲಕ್ಕಪ್ಪ. "ಮಾಸ್ತರ, ಮೊನ್ನೆ ಭಂಡಾರ ಹಾರಿಸಿದ್ರಿ, ಇವತ್ತು ತಡೀರಿ ಅಂತೀರಿ. ರಾತ್ರಿಯಾಗ ನಿಮಗ ಯಾರು ಏನು ಅಂದ್ರು? ಆಕಿಽ ಬಂದು ಅಂದ್ಲೇನು?"

ಯಾರೋ ಇಬ್ಬರು ಕಿಸಕ್ಕೆಂದರು. ಅಷ್ಟೇ ಸಾಕಾಯಿತು. ಅಷ್ಟು ದೂರದ ದಾರಿಯಲ್ಲಿ ಜೋಡಿಸಿಕೊಂಡು ಬಂದದ್ದೆಲ್ಲ ಒಂದು ಉಸುರಿಗೆ ಹಾರಿಹೋಯಿತು. ಗುರುಲಿಂಗಪ್ಪ ಎದ್ದು ನಿಂತ.

"ನಿಮಗೇನು ಗೊತ್ತಲೇ ಅಕ್ಷರದ ಬೆಲಿ! ಕುರಿ ಹಿಂದ ತಿರುಗಿ ಕುರಿ ಬುದ್ಧಿ ಬಂದೈತಿ ನಿಮಗ! ಒಂದು ಮುಂದ ನಡೆದ್ರ ಎಲ್ಲಾ ಅದರ ಹಿಂದ, ಭಾವಿಗೆ ಬಿದ್ರೂ ಹಿಂದ! ನಿಮ್ಮ ಹಟ್ಟ್ಯಾಗ ಹುಟ್ಟಬಾರದಿತ್ತು ಆ ಹುಡುಗಿ. ಹಿಕ್ಕಿಯಾಗ ಬಿದ್ದ ಬಂಗಾರ ಅದು! ಅದನ್ನ ಮತ್ತ ಹಿಕ್ಕಿಯಾಗ ಹಾಕಾಕತ್ತೀರಿ!"

ಕೂಸು ಎಚ್ಚತ್ತು ಅಳತೊಡಗಿತು. ಮಾಲಿಂಗಪ್ಪನ ಬಾಯಿ ಇನ್ನೂ ಸ್ವಲ್ಪ ತೆರೆದೇ ಇತ್ತು. ಅವನು ಅದನ್ನು ಮುಚ್ಚಿದ. ಕೂಸಿನ ಬೆನ್ನು ತಟ್ಟುತ್ತ ಎದ್ದ.

ಎಲ್ಲರಿಗಿಂತ ಮೊದಲು ಮಾತಾಡಿದವನು ಸತ್ತೆಪ್ಪ. ಅಷ್ಟು ವರ್ಷ ಮಾಸ್ತರನ ಎದುರು ತಲೆಯ ಪಟಗಾ ತೆಗೆದು ನಿಲ್ಲುತ್ತಿದ್ದವನು ಪಟಗಾ ಸರಿಮಾಡಿ ಬಿಗಿದುಕೊಂಡ.

"ಹಿಕ್ಕಿ ಅಂದ್ರೇನು ಮಾಸ್ತರ? ಆಕಿನ್ನ ಹಡದಾಂವ ನಾ. ಇದಽ ಹಿಕ್ಕಿ ಹೊಲಕ್ಕ ಹಾಕಿ ಬೆಳದ ಜ್ವಾಳ ಉಂಡೀರಿ ನೀವೂ. ಸಾಕು. ನಿಮ್ಮ ಸಾಲಿ ಋಣ ಇಲ್ಲಿಗೆ ಮುಗೀತು." ಲಕ್ಕಪ್ಪನ ಕಡೆ ತಿರುಗಿದ. "ಅಮಾಸಿ ತನಕ ಯಾಕ? ಬರೂ ಸ್ವಾಮಾರಽ ಮಾಡೂಣು."

"ಸತ್ತೆಪ್ಪ..." ಎಂದ ಗುರುಲಿಂಗಪ್ಪ.

ಸತ್ತೆಪ್ಪ ಕೇಳಿಸಿಕೊಳ್ಳಲಿಲ್ಲ. ಮರಳುವಾಗ ಚಕ್ಕಡಿಯಲ್ಲಿ ಅವನೂ ಬರಲಿಲ್ಲ, ಅಲ್ಲೇ ಉಳಿದ. ಗುರುಲಿಂಗಪ್ಪ ಒಬ್ಬನೇ ಬಂದ. ಹಾದಿಯಲ್ಲಿ ಎತ್ತಿಗೂ ಒಂದು ಮಾತು ಬೈಯಲಿಲ್ಲ. ಚಕ್ಕಡಿ ಹೊಡೆಯುವವನು ಎರಡು ಸಲ ತಿರುಗಿ ನೋಡಿದ, ಮಾಸ್ತರನಿಗೆ ಮೈಯಲ್ಲಿ ಸುಖವಿಲ್ಲವೇನೋ ಎಂದು.

ಸಾವಿತ್ರವ್ವ ಮತ್ತೆ ಸಾಲೆಗೆ ಬರಲಿಲ್ಲ. ಹಟ್ಟಿಯ ಬಾಗಿಲಿಗೆ ಗೌರವ್ವ ಹೋಗಿ ಬಂದಳು. ಏನಂದಳು ಎಂದು ಗುರುಲಿಂಗಪ್ಪ ಕೇಳಲಿಲ್ಲ, ಗೌರವ್ವ ಹೇಳಲಿಲ್ಲ. ಸೋಮವಾರ ಇರುಳು ಉಡಿಕಿ ಆಯಿತು. ಮಂಗಳವಾರ ಅವಳು ತವರಿನಲ್ಲಿ ಇರಲಿಲ್ಲ. ವಾರ ಕಳೆಯುವುದರೊಳಗೆ ಮಾಲಿಂಗಪ್ಪನ ಮಂದೆ ಪಡುವಣಕ್ಕೆ ಇಳಿಯಿತಂತೆ, ಕುದುರೆಯ ಮೇಲೆ ಹಾಸಿಗೆ, ಪಾತ್ರೆ, ಇಬ್ಬರು ಮಕ್ಕಳು, ಹಿಂದೆ ಕೂಸನ್ನು ಬೆನ್ನಿಗೆ ಕಟ್ಟಿಕೊಂಡ ಹೆಂಗಸು. ಘಟಪ್ರಭಾದ ಸಂತೆಗೆ ಹೋಗಿದ್ದವರು ಯಾರೋ ಕಂಡು ಬಂದು ಹೇಳಿದರು.

*

ಗೋಕಾಕಕ್ಕೆ ಹೋಗದೆಯೂ ಇರಬಹುದಿತ್ತು. ಬಾರದ ಅಭ್ಯರ್ಥಿಯ ಹೆಸರನ್ನು ಅವರೇ ಹೊಡೆದುಹಾಕುತ್ತಿದ್ದರು. ಆದರೂ ಗುರುಲಿಂಗಪ್ಪ ಹೋದ. ಸಾಹೇಬರ ಕಾಲಿಗೆ ಬಿದ್ದಾದರೂ ಅವಳ ಹೆಸರನ್ನು ಬರುವ ವರ್ಷಕ್ಕೆ ಉಳಿಸಿಕೊಳ್ಳಬೇಕು ಎಂದುಕೊಂಡು ಹೋದ. ಬರುವ ವರ್ಷ ಅವಳು ಎಲ್ಲಿರುತ್ತಾಳೆ ಎಂದು ಅವನು ವಿಚಾರ ಮಾಡಿರಲಿಲ್ಲ. ವಿಚಾರ ಮಾಡಲು ಮನಸ್ಸಿರಲಿಲ್ಲ.

ಸಾಲೆಯ ದೊಡ್ಡ ಕೋಣೆಯಲ್ಲಿ ಸಾಹೇಬರು ಚಹಾ ಕುಡಿಯುತ್ತ ಕೂತಿದ್ದರು. ಚಿನ್ನದ ಕಡ್ಡಿಯ ಚಷ್ಮಾ, ಹಸನ್ಮುಖ. ಹೊರಗೆ ಪಡಸಾಲೆಯಲ್ಲಿ ಪಾಠ ಹೇಳಲು ಬಂದವರು ನಕಾಶೆ, ಚಿತ್ರಪಟ ಹಿಡಿದು ಸಾಲಾಗಿ ನಿಂತಿದ್ದರು.

"ಮಸಗುಪ್ಪಿಯ ಅಭ್ಯರ್ಥಿ ಎಲ್ಲಿ?"

"ಬರೂದಿಲ್ರಿ ಸಾಹೇಬ್ರ. ಆಕಿಗೆ... ಉಡಿಕಿ ಆತ್ರಿ."

"ಪುನರ್ವಿವಾಹ!" ಸಾಹೇಬರು ಬಸಿ ಕೆಳಗಿಟ್ಟು ಎದ್ದೇ ನಿಂತರು. "ನೀವೇ ಅಲ್ಲವೇ ವಾರಪತ್ರಿಕೆಯಲ್ಲಿ ಬರೆದವರು? ನಾನು ಓದಿದ್ದೇನೆ. ನುಡಿದಂತೆ ನಡೆದುಬಿಟ್ಟಿರಲ್ಲ! ನಮ್ಮ ಪಟ್ಟಣದ ಸುಧಾರಕರು ಭಾಷಣ ಮಾಡುತ್ತಾರೆ, ಒಬ್ಬನೂ ಮುಂದೆ ಬರುವುದಿಲ್ಲ. ಮುಂದೆ ನಿಂತು ಮಾಡಿಸಿದವರು ಯಾರು?"

ಗುರುಲಿಂಗಪ್ಪನಿಗೆ ಉತ್ತರ ಗೊತ್ತಿತ್ತು.

"ನಾನಽ ರಿ."

"ಶಾಭಾಸ್. ಶಿಕ್ಷಕಿಯರು ಇನ್ನೂ ಸಿಗುತ್ತಾರೆ, ಮಾಸ್ತರರೇ. ಮುರಿದ ಬಾಳು ಕೂಡಿಸುವವರು ಸಿಗುವುದಿಲ್ಲ. ಮೇಲಿನವರಿಗೆ ನಿಮ್ಮ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ." ಕೈ ಚಾಚಿ ಅವನ ಕೈ ಕುಲುಕಿದರು. "ಹುಡುಗಿಗೆ ಬಹಳ ಸಂತೋಷವಾಗಿರಬೇಕು."

"ಆಕಿನ್ನ ಯಾರೂ ಕೇಳಿಲ್ರಿ," ಎಂದ ಗುರುಲಿಂಗಪ್ಪ.

"ಏನು?"

"ಯಾರೂ ಕೇಳಿಲ್ರಿ ಸಾಹೇಬ್ರ. ಅವರಪ್ಪ ಕೇಳಿಲ್ಲ. ಹಿರಿಯರು ಕೇಳಿಲ್ಲ. ನಾನೂ ಕೇಳಿಲ್ಲ."

ಸಾಹೇಬರು ಕೈ ಹಿಂದಕ್ಕೆ ತೆಗೆದುಕೊಂಡರು. ಚಷ್ಮಾ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬಾಗಿಲ ಕಡೆ ನೋಡಿ, "ಮುಂದಿನವರು ಬನ್ನಿ," ಎಂದರು.

ಹುಕ್ಕೇರಿಯ ಒಬ್ಬ ತರುಣ ಒಂಟೆಯ ಚಿತ್ರಪಟವನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬರಲು ನೋಡಿದ. ಗುರುಲಿಂಗಪ್ಪ ಬಾಗಿಲಿಗೆ ಬಂದವನು ಅಲ್ಲಿಯೇ ನಿಂತುಬಿಟ್ಟಿದ್ದ, ಒಳಗೂ ಇಲ್ಲ, ಹೊರಗೂ ಇಲ್ಲ.

"ಸ್ವಲ್ಪ ಬಾಜೂ ಸರೀರಿ, ಅಜ್ಜಾರ," ಎಂದ ತರುಣ.

ಅಜ್ಜ ಎಂದದ್ದಕ್ಕೆ ಬೇರೆ ದಿನವಾಗಿದ್ದರೆ ಗುರುಲಿಂಗಪ್ಪ ಅವನ ಕಿವಿ ಹಿಂಡುತ್ತಿದ್ದ. ಈಗ ಬಾಜೂ ಸರಿದು ದಾರಿ ಬಿಟ್ಟ.